ಖಂಡ್ಯಾನ ಹಾಡು, ಕಾಶಿ ಅತ್ತೆಯ ಹಟ

ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಂಗಿ ಕಾಶಿ ಅತ್ತೆ, ನಾನು, ಇಷ್ಟೇ ಜನ. ಆದರೆ ಅವ್ವನನ್ನು ಕೇಳಿದರೆ ಇನ್ನೂ ಒಬ್ಬನಿದ್ದಾನೆ ಎನ್ನುತ್ತಿದ್ದಳು. ಅವನ ಹೆಸರು ಖಂಡ್ಯಾ. ಮಾಂಜ್ರಾ ನದಿಯ ದಂಡೆಯಲ್ಲಿ ಅಡಗಿಕೊಂಡು, ಸಾಹುಕಾರರ ಬಂಡಿಗಳನ್ನು ತಡೆದು ದೋಚುತ್ತಿದ್ದ ದರೋಡೆಕೋರ. ಅವನು ಅಪ್ಪ ಕಟ್ಟುತ್ತಿದ್ದ ಕಥನಗೀತೆಯ ನಾಯಕ. ಅಪ್ಪ ಸ್ನಾನ ಮಾಡುವಾಗ, ಲಿಂಗಪೂಜೆ ಮುಗಿಸಿ ವಿಭೂತಿ ಒಣಗುವ ಮೊದಲೇ, ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಕೈ ಅಲ್ಲೇ ನಿಂತಾಗ, ಖಂಡ್ಯಾ ಬಂದುಬಿಡುತ್ತಿದ್ದ. ಬೇಳೆ ಆರುತ್ತಿತ್ತು. ಅಪ್ಪನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವ್ವ ಒಲೆಯ ಮುಂದಿನಿಂದ ಕೂಗುತ್ತಿದ್ದಳು.

"ಖಂಡ್ಯಾಗೂ ಒಂದ್ ತಾಟ ಹಾಕ್ಲೇನ್ರಿ? ಅವನರೆ ಬಿಸೀದು ಉಣ್ತಾನ."

ಕೆಂಪು ಕಲ್ಲಿನ ಗೋಡೆಗಳ, ಶಹಾಬಾದಿ ಹಾಸುಗಲ್ಲಿನ ಮನೆ ಅದು. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ಸಾಲಾಗಿದ್ದವು. ಪಡಸಾಲೆಯಲ್ಲಿ ಆಡಿದ ಪಿಸುಮಾತು ಕೂಡ ಅಡುಗೆಮನೆಗೆ ಕೇಳುತ್ತಿತ್ತು. ಹಿತ್ತಲ ಗೋಡೆಯ ಆಚೆ ಖಾಲಾ ಎಂದು ನಾವೆಲ್ಲ ಕರೆಯುತ್ತಿದ್ದ ವಯಸ್ಸಾದ ಹೆಂಗಸಿನ ಮನೆ. ಅಪ್ಪನದು ಕಾಳುಕಡಿಯ ಪೇಟೆಯಾದ ಗಾಂಧಿ ಗಂಜಿನಲ್ಲಿ ಹಳೆಯ ಗೋಣಿಚೀಲಗಳ ಅಂಗಡಿ. ತೊಗರಿ, ಕಡಲೆ ತುಂಬಿ ಹರಿದ ಚೀಲಗಳನ್ನು ಕೊಂಡು, ದಬ್ಬಣ ಸುತಳಿಯಿಂದ ಹೊಲಿದು, ಮತ್ತೆ ಮಾರುವುದು. ಸಂಜೆ ಅಪ್ಪ ಮನೆಗೆ ಬಂದರೆ ಅವನ ತಲೆಗೂದಲಲ್ಲಿ ಬೇಳೆಯ ಹೊಟ್ಟು, ಅಂಗಿಯಲ್ಲಿ ಸೆಣಬಿನ ವಾಸನೆ. ನನಗೆ ಇವತ್ತಿಗೂ ಗೋಣಿಯ ವಾಸನೆ ಬಂದರೆ ಪದ್ಯದ ಸಾಲು ನೆನಪಾಗುತ್ತದೆ. ಮುಂದೆ ನಾನು ಭಾಲ್ಕಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದೆ. ಛಂದಸ್ಸಿನ ಪಾಠ ಮಾಡುವಾಗೆಲ್ಲ ಮಾತ್ರೆಗಳಿಗಿಂತ ಮೊದಲು ದಬ್ಬಣ ಚುಚ್ಚಿ ಎಳೆಯುವ ಅಪ್ಪನ ಕೈ ಕಣ್ಣಿಗೆ ಬರುತ್ತಿತ್ತು. ಅವನು ಹಾಡು ಕಟ್ಟುತ್ತಿದ್ದದ್ದು ಆ ಲಯಕ್ಕೇ.

ಕಥೆ ಅಪ್ಪನದಲ್ಲ, ಆಯಿಯದು. ಆಯಿ, ಅಂದರೆ ಅಪ್ಪನ ತಾಯಿ, ಭಾತಂಬ್ರಾದಲ್ಲಿ ಹೊಲ ನೋಡಿಕೊಂಡು ಇದ್ದಳು. ಒಬ್ಬ ಕಳ್ಳ ಇದ್ದ, ಗಾಣಿಗರ ಹುಡುಗಿ ನೀಲಿ ಅವನಿಗೆ ಮನಸ್ಸು ಕೊಟ್ಟಳು, ದಿನಾ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೊಳೆಗೆ ಹೋಗುತ್ತಿದ್ದಳು, ಒಂದು ದಿನ ಸಿಪಾಯಿಗಳು ಅವಳ ಹೆಜ್ಜೆ ಹಿಡಿದು ಹೋಗಿ ಅವನನ್ನು ಕೊಂದರು, ಅವಳು ಮಡುವಿಗೆ ಹಾರಿದಳು. ಇಷ್ಟನ್ನು ಆಯಿ ಒಂದು ಮೊರ ಶೇಂಗಾ ಸುಲಿಯುವುದರೊಳಗೆ ಹೇಳಿ ಮುಗಿಸುತ್ತಿದ್ದಳು. ಅಪ್ಪನಿಗೆ ಅದಕ್ಕೆ ವರ್ಷಗಳೇ ಬೇಕಾದವು. ಗಂಜಿಗೆ ರಜೆ ಇದ್ದ ದಿನ ಮಧ್ಯಾಹ್ನದ ಊಟ ಆದಮೇಲೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಹೊಸದಾಗಿ ಕಟ್ಟಿದ ಭಾಗ ಹಾಡುತ್ತಿದ್ದ. ಅವ್ವ ಅಕ್ಕಿ ಆರಿಸುತ್ತ, ಕೇಳುತ್ತಿಲ್ಲವೆಂಬಂತೆ ಕೇಳುತ್ತಿದ್ದಳು. ಖಾಲಾ ಗೋಡೆಯ ಆಚೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು; ಅವಳಿಗೆ ಕನ್ನಡ ಅರ್ಧ ತಿಳಿಯುತ್ತಿತ್ತು, ಆದರೆ ಅಳುವುದು ಎಲ್ಲರಿಗಿಂತ ಮೊದಲು. ಕಾಶಿ ಅತ್ತೆ ಬಾಗಿಲ ಬೆಳಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಕುಪ್ಪಸ ಹೊಲಿಯುತ್ತಿದ್ದಳು.

ಕಾಶಿ ಅತ್ತೆಯ ಬಗ್ಗೆ ಹೇಳಬೇಕು. ಉದ್ದ ಮೂಗು, ಗಟ್ಟಿ ದನಿ, ಯಾವ ಮಾತಿಗೂ ಹಿಂಜರಿಯದ ಸ್ವಭಾವ. ಭಾಲ್ಕಿಯ ಒಂದು ಮನೆತನಕ್ಕೆ ಅವಳನ್ನು ಕೊಡುವುದೆಂದು ಮಾತಾಗಿ, ಸೀರೆ ತಂದಾದ ಮೇಲೆ ಆ ಹುಡುಗ ಬೇರೆ ಕಡೆ ಒಪ್ಪಿಕೊಂಡ. ಆಮೇಲೆ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಅತ್ತೆ ಅದಕ್ಕೆ ಅತ್ತದ್ದನ್ನು ನಾನು ನೋಡಿಲ್ಲ. ಒಮ್ಮೆ ಮಾತ್ರ, ಬಂದವರು ಹೋದಮೇಲೆ, ಚಹಾದ ಕಪ್ಪು ಬಸಿಗಳನ್ನು ಜೋರಾಗಿ ಸಪ್ಪಳ ಮಾಡುತ್ತ ತೊಳೆದಳು. ಅಪ್ಪನ ಹಾಡಿನಲ್ಲಿ ಅವಳದೂ ಪಾಲಿತ್ತು. ಅಪ್ಪ ಎಲ್ಲಾದರೂ ಸಿಕ್ಕಿಕೊಂಡರೆ ದಾರಿ ತೋರುತ್ತಿದ್ದವಳು ಅವಳು. ಆ ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಖಂಡ್ಯಾ ನೀಲಿಯನ್ನು ಮೊದಲ ಸಲ ನೋಡುವ ಜಾಗ. ಅಪ್ಪ ಮೂರು ಸಾಲು ಹೇಳಿ ನಾಲ್ಕನೆಯದಕ್ಕೆ ತಡಕಾಡುತ್ತಿದ್ದ.

"ಮಾಂಜ್ರಾ ದಂಡ್ಯಾಗ ಮಂಜು ಹರಡಿತ್ತ,
ಖಂಡ್ಯಾನ ಕುದುರಿ ನೀರಿಗಿ ಬಂದಿತ್ತ;
ಗಾಣದ ನೀಲಿ ಕೊಡ ಮುಳುಗಿಸಿದಳೊ..."

ಅತ್ತೆ ಹಲ್ಲಿನಲ್ಲಿ ದಾರ ಕಡಿದು, ತಲೆ ಎತ್ತದೆ ಹೇಳಿದಳು:

"ಕೊಡದಾಗ ಕಳ್ಳನ ಮುಖ ತುಂಬಿತ್ತ."

ಅಪ್ಪ ಎದ್ದು ನಿಂತುಬಿಟ್ಟ. ಅವತ್ತು ಸಂಜೆ ಗಂಜಿನ ಹತ್ತಿರದಿಂದ ಜಿಲೇಬಿ ಕಟ್ಟಿಸಿಕೊಂಡು ಬಂದ. ಆದರೆ ಹಾಡಿನ ಕೊನೆಯ ಬಗ್ಗೆ ಅಣ್ಣ ತಂಗಿಗೆ ಒಮ್ಮತ ಇರಲಿಲ್ಲ. ನೀಲಿ ಮಡುವಿಗೆ ಹಾರಲೇಬೇಕು ಎಂದು ಅಪ್ಪ. ಯಾಕೆ ಹಾರಬೇಕು ಎಂದು ಅತ್ತೆ.

"ಅವಾ ಸತ್ತಾ, ಖರೆ. ಅಕಿಗ್ಯಾಕ ಸಾಯಸ್ತಿ ಅಣ್ಣಾ? ಅಕಿ ಏನ್ ಕಳವು ಮಾಡ್ಯಾಳ?"

"ನಾ ಸಾಯಸ್ತೇನೇನು ಕಾಶಿ? ಹಾಡೇ ಹಂಗ ಕೇಳ್ತದ. ಅಕಿ ಮನಿಗಿ ಹೋಗಿ ರೊಟ್ಟಿ ಬಡದಳು ಅಂದ್ರ ಯಾರು ಕೇಳ್ತಾರ?"

"ನಾ ಕೇಳ್ತೇನಿ."

ಈ ಜಗಳ ನಮ್ಮ ಮನೆಯಲ್ಲಿ ಉಪ್ಪು ಖಾರದ ಜಗಳದಷ್ಟೇ ಮಾಮೂಲಾಗಿತ್ತು. ಯಾರೂ ಸೋಲುತ್ತಿರಲಿಲ್ಲ, ಕೊನೆಯ ಭಾಗ ಹಾಡುವುದು ಮುಂದಕ್ಕೆ ಬೀಳುತ್ತಿತ್ತು.

ಮಾಣಿಕ ನಮ್ಮ ಮನೆಗೆ ಬಂದದ್ದು ಅಪ್ಪನಿಂದಲೇ. ಔರಾದಿನವನು, ಗಂಜಿನ ಒಬ್ಬ ವ್ಯಾಪಾರಿಯ ಲಾರಿ ಓಡಿಸುತ್ತಿದ್ದ. ಚೀಲ ಇಳಿಸಲು ಅಂಗಡಿಗೆ ಬಂದಾಗ ಅಪ್ಪ ಗುನುಗುತ್ತಿದ್ದದ್ದನ್ನು ಕೇಳಿ, ಮುಂದೇನಾಯ್ತು ಎಂದು ಕೇಳಿದನಂತೆ. ಗಂಜಿನ ಗದ್ದಲದಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಅಪ್ಪನಿಗೆ ಅಷ್ಟು ಸಾಕಾಯಿತು. ರಜೆಯ ದಿನ ಊಟಕ್ಕೆ ಕರೆದುಕೊಂಡು ಬಂದ. ಎತ್ತರದ, ಕಡಿಮೆ ಮಾತಿನ ಮನುಷ್ಯ. ಬಂದವನು ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿ ಇಡುತ್ತಿದ್ದ. ಅವ್ವ ಬಡಿಸಿದ ಪುಂಡಿಪಲ್ಯವನ್ನು ಒಂದಿಷ್ಟೂ ಬಿಡದೆ ತಿಂದು, ತಾಟು ತಾನೇ ತೊಳೆಯಲು ಹೋಗಿ ಅವ್ವನಿಂದ ಬೈಸಿಕೊಂಡ. ಹಾಡು ಕೇಳುವಾಗ ತಲೆ ತಗ್ಗಿಸಿ ಕೂರುತ್ತಿದ್ದ, ನಡುವೆ ಮಾತಾಡುತ್ತಿರಲಿಲ್ಲ. ಇಂಥ ಕೇಳುಗ ಸಿಕ್ಕಿದ್ದು ತನ್ನ ಪುಣ್ಯ ಎಂದು ಅಪ್ಪ ಹೇಳುತ್ತಿದ್ದ. ಕೆಲವು ರಜೆಗಳಾದ ಮೇಲೆ ಕಾಶಿ ಅತ್ತೆಯ ಯಂತ್ರ ಬಾಗಿಲಿನಿಂದ ಸ್ವಲ್ಪ ಒಳಗೆ, ಪಡಸಾಲೆಯ ಕಡೆಗೆ ಸರಿಯಿತು. ಅಪ್ಪ ಗಮನಿಸಲಿಲ್ಲ. ಅವ್ವ ಗಮನಿಸಿದಳು, ಸುಮ್ಮನಿದ್ದಳು.

ಒಂದು ದಿನ ಅಪ್ಪ ಹೊಸ ಭಾಗ ಹಾಡಿದ. ಸಿಪಾಯಿಗಳು ಬೆನ್ನು ಹತ್ತಿದ್ದಾರೆ, ಖಂಡ್ಯಾ ಕಬ್ಬಿನ ಹೊಲದಲ್ಲಿ ಅಡಗಿದ್ದಾನೆ. ಕಬ್ಬಿನ ಗರಿ ಅವನಿಗೆ ಚಾಮರ ಬೀಸುತ್ತದೆ, ಬೆಳದಿಂಗಳು ಹಾಸಿಗೆ ಹಾಸುತ್ತದೆ, ಅವನು ನೀಲಿಯನ್ನು ನೆನೆದು ನಗುತ್ತಾನೆ. ಅಪ್ಪನ ದನಿ ಅವತ್ತು ಬಹಳ ಚೆನ್ನಾಗಿತ್ತು. ಖಾಲಾ ಗೋಡೆಯ ಆಚೆಯಿಂದ "ವಾಹ್, ಕ್ಯಾ ಬಾತ್ ಹೈ" ಎಂದಳು. ಮಾಣಿಕ ಎದ್ದ. ಹಾಡು ಇನ್ನೂ ನಡೆದಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ, ಅಂಗಳ ದಾಟಿ ಹೊರಟುಹೋದ. ಅಪ್ಪ ಹಾಡುವುದನ್ನು ಅರ್ಧಕ್ಕೇ ಬಿಟ್ಟ. ಕಾಶಿ ಅತ್ತೆ ಯಂತ್ರ ನಿಲ್ಲಿಸಿ ಅವನ ಹಿಂದೆ ಹೋದಳು. ರಸ್ತೆಯ ತಿರುವಿನಲ್ಲಿ ಇಬ್ಬರೂ ಬಹಳ ಹೊತ್ತು ನಿಂತು ಮಾತಾಡಿದ್ದನ್ನು ನಾನು ಕಟ್ಟೆಯ ಮೇಲಿನಿಂದ ನೋಡಿದೆ. ಹಿಂದಿರುಗಿ ಬಂದ ಅತ್ತೆ, ಅವರಿಗೆ ತಲೆ ನೋವಂತೆ ಎಂದಳು. ಅವಳ ಮುಖ ನೋಡಿದ ಯಾರಿಗೂ ಅದು ತಲೆನೋವಿನ ಮಾತಲ್ಲವೆಂದು ತಿಳಿಯುವಂತಿತ್ತು.

ಆ ವರ್ಷ ಎಳ್ಳಮಾವಾಸ್ಯೆಗೆ ನಾವೆಲ್ಲ ಭಾತಂಬ್ರಾಕ್ಕೆ ಹೋದೆವು. ನಮ್ಮ ಕಡೆ ಅಂದು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲದಲ್ಲಿ ಜೋಳದ ದಂಟಿನ ಗೂಡು ಕಟ್ಟಿ, ಅದರೊಳಗೆ ಸುಣ್ಣ ಬಳಿದ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಅಂಬಲಿ ಚೆಲ್ಲುತ್ತ ಕೂಗಿಕೊಂಡು ಬಂದು, ಆಮೇಲೆ ಗಿಡದ ನೆರಳಲ್ಲಿ ಊಟ. ಹಸಿ ಕಾಳು, ತರಕಾರಿ ಎಲ್ಲ ಕಡಲೆಹಿಟ್ಟಿನಲ್ಲಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಣ್ಣಿನ ಗಡಿಗೆಯಲ್ಲಿ ತಣ್ಣನೆಯ ಅಂಬಲಿ. ಅಪ್ಪ ಮಾಣಿಕನನ್ನೂ ಕರೆದಿದ್ದ. ತಾನು ಹಾಡಿದ್ದರಲ್ಲಿ ಏನು ತಪ್ಪಾಯಿತೆಂದು ಕೇಳಬೇಕು ಅನ್ನುವುದು ಅವನ ತಲೆಯಲ್ಲಿತ್ತು. ಮಾಣಿಕ ಬಂದ, ಉಂಡ, ಆಯಿಯ ಕಾಲಿಗೆ ನಮಸ್ಕಾರ ಮಾಡಿದ. ಆಮೇಲೆ ಅಪ್ಪನ ಎದುರು ನೆಲದ ಮೇಲೆ ಕುಳಿತ. ಕಾಶಿ ಅತ್ತೆ ಬಂದು ಅವನ ಪಕ್ಕದಲ್ಲೇ, ಒಂದು ಮಾರು ಬಿಟ್ಟು, ಕುಳಿತಳು. ಆಗಲೇ ಅವ್ವ ಕೈಯಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟಳು.

"ಅಣ್ಣಾರ, ನಾವಿಬ್ಬರು ಮದಿವಿ ಆಗಬೇಕಂತ ಮಾಡೇವ್ರಿ," ಎಂದ ಮಾಣಿಕ. "ಆದ್ರ ಅದಕ ಮೊದಲ ನಾ ಒಂದ್ ಮಾತು ಹೇಳಬೇಕ್ರಿ. ಕಾಶೀಗಿ ಹೇಳೇನಿ. ನಾ ಜೇಲಿಗಿ ಹೋಗಿ ಬಂದಾಂವ ಇದ್ದೇನ್ರಿ."

ಹೊಲದ ಬದುವಿನ ಜಗಳ. ಅವನ ಕಾಕನ ಮಗನೊಂದಿಗೆ. ಮಾತಿಗೆ ಮಾತು ಬೆಳೆದು ಗುದ್ದಲಿಯ ಕಾವಿನಿಂದ ಹೊಡೆದಿದ್ದ. ಆ ತಮ್ಮನ ಮೊಣಕಾಲು ಚೂರಾಯಿತು. ಮಾಣಿಕ ಓಡಿಹೋಗಿ ಮಾಂಜ್ರಾದ ದಂಡೆಯ ಕಬ್ಬಿನಲ್ಲಿ ಅಡಗಿದ್ದ. ಆಮೇಲೆ ತಾನೇ ಠಾಣೆಗೆ ಹೋಗಿ ಕುಳಿತ. ಶಿಕ್ಷೆ ಮುಗಿಸಿ ಬಂದಮೇಲೆ ಲಾರಿ ಕಲಿತ. ಇಷ್ಟನ್ನು ಅವನು ಹೊಲದ ಮಣ್ಣು ನೋಡುತ್ತ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದ. ನಮ್ಮ ಸುತ್ತಲಿನ ಹೊಲಗಳಲ್ಲೆಲ್ಲ ಜನ ಉಣ್ಣುತ್ತ, ನಗುತ್ತ ಇದ್ದದ್ದು ಕೇಳುತ್ತಿತ್ತು. ಕೊನೆಗೆ ಅಪ್ಪ ಅವನ ಕಡೆ ನೋಡದೆ ಹೇಳಿದ:

"ನೀವು ಇನ್ನ ನಮ್ಮ ಮನಿಗಿ ಬರಬ್ಯಾಡ್ರಿ."

ಮಾಣಿಕ ಎದ್ದು ಎಲ್ಲರಿಗೂ ಕೈ ಮುಗಿದು ಬದುವಿನ ಮೇಲೆ ನಡೆದು ಹೋದ. ಅಪ್ಪ ಎಷ್ಟೋ ವರ್ಷ ಒಬ್ಬ ಕಳ್ಳನನ್ನು ಮನೆಯಲ್ಲಿಟ್ಟುಕೊಂಡು ಸಾಕಿದ್ದವನು. ಅವನು ಹಾಗೆ ಹೇಳಿಯಾನು ಎಂದು ನಾನು ಅಂದುಕೊಂಡಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಖಂಡ್ಯಾ, ಮಾಣಿಕ ಇಬ್ಬರೂ ಒಂದೇ ಬೀದಿಯವರು. ಅವ್ವನಿಗೂ ಹಾಗೇ ಅನ್ನಿಸಿತೆಂದು ತೋರುತ್ತದೆ. ಬೀದರಿಗೆ ಹಿಂದಿರುಗಿದ ಮರುದಿನ ಬೆಳಿಗ್ಗೆ, ಅಪ್ಪ ಪೂಜೆಗೆ ಕೂರುವ ಮೊದಲು, ಅವಳು ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು. ಹಾಡಿನ ವಿಷಯದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

"ನಿಮ್ಮ ಖಂಡ್ಯಾ ಊರ್ ಊರ್ ಲೂಟಿ ಮಾಡ್ಯಾನ. ಸಿಪಾಯಿಗೋಳಿಗಿ ಕಡದಾನ. ಅವನಿಗಿ ನೀಲಿನ್ನ ಕೊಟ್ಟು ಕಣ್ಣೀರು ಹಾಕ್ತೀರಿ. ಈ ಮನಷ್ಯಾ ಮಾಡಿದ್ದು ಮಾಡ್ದೆ ಅಂತ ನಿಮ್ಮ ಮುಂದ ಕುಂತು ಹೇಳ್ಯಾನ. ಇವನಿಗಿ ಮನಿಗಿ ಬರಬ್ಯಾಡ ಅಂತೀರಿ."

"ಅದು ಹಾಡು," ಎಂದ ಅಪ್ಪ. "ಇಕಿ ನನ್ನ ತಂಗಿ. ಸಿಟ್ಟಿನ್ಯಾಗ ತಮ್ಮನ ಕಾಲು ಮುರದಾಂವ, ನಾಳಿ ಇಕಿ ಮ್ಯಾಲ ಕೈ ಎತ್ತಂಗಿಲ್ಲ ಅಂತ ಯಾರು ಹೇಳ್ಬೇಕು? ನೀ ಹೇಳ್ತೇನು?"

ಅವ್ವ ಬಾಗಿಲು ಬಿಟ್ಟು ಸರಿದಳು. ಅಪ್ಪನ ಮಾತಿನಲ್ಲಿ ಸುಳ್ಳಿರಲಿಲ್ಲ. ಮನೆತನದ ಮರ್ಯಾದೆಯ ಮಾತನ್ನು ಅವನು ಆ ದಿನವೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಅವನಿಗಿದ್ದದ್ದು ಭಯ. ಭಾಲ್ಕಿಯವರು ಮಾತು ಮುರಿದಾಗ ತಂಗಿಯ ಎದುರು ತಲೆ ಎತ್ತಲಾರದೆ ತಿರುಗಿದ್ದ ಅಣ್ಣ ಅವನು. ಇನ್ನೊಂದು ಸಲ ತಪ್ಪು ಮನುಷ್ಯನ ಕೈಯಲ್ಲಿ ಅವಳನ್ನು ಇಡಲು ಅವನಿಂದಾಗಲಿಲ್ಲ. ಇದನ್ನೆಲ್ಲ ನಾನು ಈಗ ಬರೆಯುತ್ತಿದ್ದೇನೆ. ಆಗ ಕಂಡದ್ದು, ಅಪ್ಪ ತಿರುಗಿ ನೋಡದೆ ಪೂಜೆಗೆ ಕೂತದ್ದು ಮಾತ್ರ. ಕಾಶಿ ಅತ್ತೆ ಅಡುಗೆಮನೆಯಿಂದ ಬಂದು, ಅವನ ಪೂಜೆ ಮುಗಿಯುವವರೆಗೆ ಕಂಬಕ್ಕೆ ಒರಗಿ ನಿಂತಿದ್ದಳು. ಆಮೇಲೆ ಹೇಳಿದಳು:

"ಅಣ್ಣಾ, ನೀ ಅಂಜೋದು ನನಗ ತಿಳೀತದ. ನಂಗೂ ಅಂಜಿಕಿ ಅದ. ಆದ್ರ ನಾ ನೀಲಿ ಅಲ್ಲ. ನಾ ಮಡುವಿಗಿ ಹೋಗಂಗಿಲ್ಲ. ಔರಾದಕ್ಕ ಹೋಗ್ತೇನಿ."

ಹೋದಳು. ಕದ್ದು ಓಡಿಹೋಗಲಿಲ್ಲ, ಹಾಡಹಗಲು, ಓಣಿಯವರೆಲ್ಲ ನೋಡುತ್ತಿರುವಾಗ, ಹೊಲಿಗೆ ಯಂತ್ರವನ್ನು ಟಾಂಗಾದಲ್ಲಿ ಇಟ್ಟುಕೊಂಡು ಹೋದಳು. ಅಪ್ಪ ಅಂಗಡಿಗೆ ಹೋಗಿದ್ದ. ಅವ್ವ ಯಂತ್ರದ ಒಂದು ಕಡೆ ಹಿಡಿದು ಹತ್ತಿಸಿದಳು, ಉಡಿ ತುಂಬಿದಳು. ಖಾಲಾ ಹಸಿರು ಬಳೆ ತಂದು ತೊಡಿಸಿ, "ಖುಷ್ ರಹೋ ಬೇಟಿ" ಎಂದಳು. ಮದುವೆ ಔರಾದಿನಲ್ಲಿ, ಒಂದು ಮಠದ ಅಂಗಳದಲ್ಲಿ ಆಯಿತಂತೆ. ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ.

ಆಮೇಲೆ ಮನೆಯಲ್ಲಿ ಹಾಡು ನಿಂತಿತು. ಯಾರೂ ನಿಲ್ಲಿಸೆಂದು ಹೇಳಲಿಲ್ಲ. ಗಂಜಿನ ರಜೆಯ ದಿನ ಅಪ್ಪ ಊಟವಾದಮೇಲೆ ಗೋಡೆಗೆ ಒರಗಿ ಕೂರುತ್ತಿದ್ದ, ಸ್ವಲ್ಪ ಹೊತ್ತಿಗೆ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಹಾಸುಗಲ್ಲು ಬೇರೆ ಬಣ್ಣ ಕಾಣುತ್ತಿತ್ತು. ಖಾಲಾ ಗೋಡೆಯ ಆಚೆಯಿಂದ "ಆಜ್ ನಹೀಂ?" ಎಂದು ಕೇಳುವಳು, ಅವ್ವ "ಇಲ್ರಿ ಖಾಲಾ" ಎನ್ನುವಳು. ಬೇಳೆ ಈಗ ಬಿಸಿಯಾಗಿಯೇ ಅಪ್ಪನ ಹೊಟ್ಟೆ ಸೇರುತ್ತಿತ್ತು, ಅದರಿಂದ ಅವ್ವನಿಗೆ ಸಂತೋಷವೇನೂ ಆದಂತೆ ಕಾಣಲಿಲ್ಲ. ನಡುನಡುವೆ ಅವಳು ಭಾತಂಬ್ರಾಕ್ಕೆ ಹೋಗುತ್ತೇನೆಂದು ಹೇಳಿ ಔರಾದಿಗೆ ಹೋಗಿಬರುತ್ತಿದ್ದಳು. ಅಪ್ಪನಿಗೆ ಗೊತ್ತಿತ್ತು. ಅವಳು ಹಿಂದಿರುಗಿದಾಗ ಅವನು ಏನನ್ನೂ ಕೇಳುತ್ತಿರಲಿಲ್ಲ. ಆದರೆ ಅವಳು ನನಗೆ ಹೇಳುವಂತೆ ಜೋರಾಗಿ ಹೇಳುತ್ತಿದ್ದ ಮಾತುಗಳನ್ನೆಲ್ಲ, ಅತ್ತೆ ಸೊರಗಿಲ್ಲ, ಹೊಲಿಗೆ ಚೆನ್ನಾಗಿ ನಡೆದಿದೆ, ಮನೆಗೆ ತಗಡು ಹಾಕಿಸಿದ್ದಾರೆ ಎಂಬುದನ್ನೆಲ್ಲ, ಪಡಸಾಲೆಯಲ್ಲಿ ಅಲುಗಾಡದೆ ಕೂತು ಕೇಳುತ್ತಿದ್ದ.

ಅತ್ತೆ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಅವ್ವ ಎರಡು ಸಲ ಆ ಮಾತು ತೆಗೆದಳು. ಅಪ್ಪ ಎದ್ದು ಹೋದ. ಮೂರನೆಯ ಸಲ ಅವಳು ಮಾತು ತೆಗೆಯದೆ ಬಟ್ಟೆ ಕಟ್ಟಿಕೊಂಡು ತಾನೇ ಔರಾದಿಗೆ ಹೋದಳು. ಹೆರಿಗೆ ಕಷ್ಟವಾಯಿತು. ಒಂದು ಹಂತದಲ್ಲಿ ತಾಯಿ ಉಳಿಯುವುದೇ ಅನುಮಾನ ಎಂದು ಡಾಕ್ಟರರು ಹೇಳಿದ್ದರಂತೆ. ಆ ಸುದ್ದಿಯೂ, ಹೆಣ್ಣು ಕೂಸು ಹುಟ್ಟಿ ಇಬ್ಬರೂ ಉಳಿದ ಸುದ್ದಿಯೂ ಗಂಜಿಗೆ ಬಂದ ಲಾರಿಯವನೊಬ್ಬನ ಬಾಯಿಂದ ಅಪ್ಪನಿಗೆ ಒಟ್ಟಿಗೇ ಸಿಕ್ಕಿತು. ಅಂಗಡಿಯ ಬಾಗಿಲು ಅರ್ಧ ದಿನಕ್ಕೇ ಹಾಕಿ ಮನೆಗೆ ಬಂದ. ಮುಖ ತೊಳೆದುಕೊಳ್ಳುತ್ತ ಬಹಳ ಹೊತ್ತು ಬಚ್ಚಲಲ್ಲೇ ನಿಂತಿದ್ದ. ಆಮೇಲೆ ಅಟ್ಟ ಹತ್ತಿ, ನನ್ನನ್ನು ತೂಗಿದ್ದ ತೊಟ್ಟಿಲನ್ನು ಇಳಿಸಿ, ಅಂಗಳದಲ್ಲಿಟ್ಟು ತೊಳೆದ. ತವರಿನಿಂದ ಹೋಗಬೇಕಾದದ್ದು ಅದು. ಆಮೇಲೆ ನನ್ನನ್ನು ಕರೆದ.

"ಸುಮಿತ್ರಾ, ಛಲೋ ಅಂಗಿ ಹಾಕ್ಕೋ. ಅತ್ತಿ ಮನಿಗಿ ಹೋಗಮು."

ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿಸಿ ಹೋದೆವು. ಔರಾದಿನಲ್ಲಿ ಇಳಿದು, ಒಬ್ಬ ಹಮಾಲನ ತಲೆಯ ಮೇಲೆ ತೊಟ್ಟಿಲು ಹೊರಿಸಿ, ಕೇಳುತ್ತ ಕೇಳುತ್ತ ಮನೆ ಹುಡುಕಿದೆವು. ಅತ್ತೆ ಬಾಗಿಲ ಒಳಗೆ ಹೊರಸಿನ ಮೇಲೆ ಕೂತಿದ್ದಳು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು. ಮುಖ ಬಿಳಚಿತ್ತು. ಅಪ್ಪ ಹೊಸ್ತಿಲ ಹೊರಗೆ ನಿಂತ. ಅಳುತ್ತಾಳೆ, ಬೈಯುತ್ತಾಳೆ, ಮುಖ ತಿರುಗಿಸುತ್ತಾಳೆ ಎಂದೆಲ್ಲ ಅವನು ದಾರಿಯುದ್ದಕ್ಕೂ ಅಂದುಕೊಂಡು ಬಂದಿರಬೇಕು.

"ಬಸ್ಸಿನ್ಯಾಗ ಸೀಟ ಸಿಕ್ಕಿತ್ತೇನು ಅಣ್ಣಾ?" ಎಂದಳು ಅತ್ತೆ.

"ಸಿಕ್ಕಿತ್ತವ್ವ," ಎಂದು ಅಪ್ಪ ಒಳಗೆ ಬಂದ.

ಮಾಣಿಕ ಹಗ್ಗ ತಂದು ತೊಲೆಗೆ ತೊಟ್ಟಿಲು ಕಟ್ಟಿದ. ಅಪ್ಪ ಕೆಳಗಿನಿಂದ ಅದನ್ನು ಎತ್ತಿ ಹಿಡಿದಿದ್ದ. ಹಗ್ಗ ಸರಿಯಾಗಿ ಕೂತಿದೆಯೇ ಎಂದು ಇಬ್ಬರೂ ಸರದಿಯ ಮೇಲೆ ಜಗ್ಗಿ ನೋಡಿದರು. ಕೂಸನ್ನು ಮಲಗಿಸಿದ ಮೇಲೆ ಗಂಡಸರಿಬ್ಬರೂ ಅಂಗಳದ ಬೇವಿನ ಕೆಳಗೆ ಕುಳಿತರು. ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡು ಬಾಗಿಲಲ್ಲೇ ಇದ್ದೆ. ಅಪ್ಪ ನೇರವಾಗಿ ಕೇಳಿದ. ಅವನಿಗೆ ಸುತ್ತಿ ಬಳಸಿ ಕೇಳಲು ಬರುತ್ತಿರಲಿಲ್ಲ.

"ಮಾಣಿಕರಾವ್, ಈಗೂ ಸಿಟ್ಟು ಬರ್ತದೇನ್ರಿ ನಿಮಗ?"

"ಬರ್ತದ್ರಿ," ಎಂದ ಮಾಣಿಕ. "ಬಂದ್ರ ಹೊರಗ ಹೋಗಿ ಗಾಡಿ ತೊಳೀತೇನಿ."

ಒಳಗಿನಿಂದ ಅತ್ತೆಯ ದನಿ ಬಂತು.

"ಔರಾದನ್ಯಾಗ ನಮ್ಮ ಗಾಡಿಯಷ್ಟು ಸ್ವಚ್ಛ ಗಾಡಿ ಇಲ್ಲ ಅಣ್ಣಾ!"

ಅಪ್ಪ ನಕ್ಕ. ಅದೆಷ್ಟು ದಿನಗಳ ಮೇಲೆ ನಕ್ಕನೋ, ಮೊದಲು ಕೆಮ್ಮಿದಂತೆ ಕೇಳಿಸಿತು. ಅವರಿಬ್ಬರ ಸಂಸಾರ ಹೇಗಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಜಗಳವಾಡುತ್ತಿದ್ದರು, ಬಹಳ ಜೋರಾಗಿ, ಬಹುತೇಕ ಅತ್ತೆಯೇ. ಅವನು ಅವಳ ಮೇಲೆ ಒಮ್ಮೆಯೂ ಕೈ ಮಾಡಲಿಲ್ಲ. ಮಗಳನ್ನು ಓದಿಸಿದರು, ತಗಡಿನ ಮನೆಗೆ ಸಿಮೆಂಟಿನ ಛತ್ತು ಹಾಕಿಸಿದರು. ಇಬ್ಬರ ತಲೆಯೂ ಒಂದೇ ಮನೆಯಲ್ಲಿ ಬೆಳ್ಳಗಾಯಿತು. ಕಾಕನ ಮಗ ಮಾತ್ರ ಕೊನೆಯವರೆಗೂ ಮಾಣಿಕನೊಂದಿಗೆ ಮಾತಾಡಲಿಲ್ಲ. ಈಗ ಆ ದಿನಕ್ಕೆ ಬರುತ್ತೇನೆ.

ಅಪ್ಪ, ಅಂದು ಕಬ್ಬಿನ ಹೊಲದ ಭಾಗಕ್ಕೆ ಎದ್ದು ಹೋದದ್ದೇಕೆ ಎಂದು ಕೇಳಿದ. ಮಾಣಿಕ ಬೇವಿನ ಕಡ್ಡಿಯೊಂದನ್ನು ಮುರಿಯುತ್ತ ಹೇಳಿದ: ಕಬ್ಬಿನಲ್ಲಿ ಕೂತಾಗ ತನಗೆ ಯಾವ ಹುಡುಗಿಯ ನೆನಪೂ ಬರಲಿಲ್ಲ, ತಮ್ಮ ನೆಲಕ್ಕೆ ಬಿದ್ದು "ಅಣ್ಣಾ" ಎಂದು ಕೂಗಿದ್ದೊಂದೇ ಕಿವಿಯಲ್ಲಿತ್ತು ಎಂದು. ಹೊಡೆದವನನ್ನೇ ಅವನು ಅಣ್ಣಾ ಎಂದು ಕರೆದಿದ್ದ. ಅಪ್ಪ ಮುಂದಕ್ಕೆ ಬಾಗಿ ಕೂತ. ಹೊಸ ಸಾಲು ಸಿಕ್ಕಾಗ ಅವನ ಕಣ್ಣು ಹೇಗಾಗುತ್ತದೆಂದು ನನಗೆ ಗೊತ್ತಿತ್ತು. ಈಗ ಹಾಗೇ ಆಯಿತು.

"ಇದನ್ನ ನಾ ಹಾಡಿನ್ಯಾಗ ಹಾಕ್ಲೇನ್ರಿ ಮಾಣಿಕರಾವ್? ಹೆಸರು ಹೇಳಂಗಿಲ್ಲ."

ಮಾಣಿಕ ತಲೆ ಅಲ್ಲಾಡಿಸಿದ.

"ಬ್ಯಾಡ್ರಿ ಅಣ್ಣಾರ. ಹಾಡಿನ್ಯಾಗ ಹೊಡದಾಂವ ದೊಡ್ಡಾಂವ ಆಗ್ತಾನ. ಕಾಲು ಮುರಕೊಂಡಾಂವ ಎಲ್ಲಿ ಇರ್ತಾನ್ರಿ? ಅವಾ ಇನ್ನೂ ಕುಂಟಕೋತ ಇದೇ ಊರಾಗ ತಿರಗತಾನ. ಅವನ ಕಿವಿಗಿ ಬಿದ್ರ ಹ್ಯಾಂಗ?"

ಅಪ್ಪ ಹಿಂದಕ್ಕೆ ಸರಿದು ಬೇವಿಗೆ ಒರಗಿದ. ಅವನಿಗೆ ನೋವಾಯಿತು, ಸಿಟ್ಟು ಬರಲಿಲ್ಲ. "ಖರೆ ಅದರಿ" ಎಂದ. ಮುಂದೆ ಎಂದೂ ಅವನು ಆ ಮಾತನ್ನು ಹಾಡಿಗೆ ತರಲಿಲ್ಲ. ಅಪ್ಪ ತೀರಿಹೋಗಿ ಈಗ ಬಹಳ ಕಾಲವಾಯಿತು, ಮಾಣಿಕನೂ ಇಲ್ಲ, ಆ ತಮ್ಮನೂ ಇಲ್ಲ. ಬರೆಯಲೇ ಎಂದು ಹೋದ ವರ್ಷ ಅತ್ತೆಯನ್ನು ಕೇಳಿದೆ. "ಬರಿ ಅವ್ವಾ, ಕಾಲು ಹೋದವನಿಗಿ ಮರೀಬ್ಯಾಡ," ಎಂದಳು.

ಆಮೇಲೆ ಮಾಣಿಕನೇ ಕೇಳಿದ. ಖಂಡ್ಯಾನದು ಹೇಳ್ರಿ, ಅದು ಛಂದ ಅದ, ಕೊನೀದು ನಾ ಕೇಳೇ ಇಲ್ಲ ಎಂದ. ಅಪ್ಪ ಒಲ್ಲೆನೆಂದ. ಗಂಟಲು ಸರಿಯಿಲ್ಲ ಎಂದ, ಮರೆತಿದೆ ಎಂದ. ಒಳಗಿನಿಂದ ಅತ್ತೆ ಮೊದಲ ಸಾಲು ಎತ್ತಿಕೊಟ್ಟಳು. ಬಾಣಂತಿಯ ಸಣ್ಣ ದನಿ, ಆದರೂ ಲಯ ತಪ್ಪಿರಲಿಲ್ಲ. ಅಪ್ಪ ಹಿಡಿದುಕೊಂಡ. ಅವ್ವ ಖಾರ ಅರೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಕಬ್ಬಿನ ಭಾಗವನ್ನು ಅಪ್ಪ ಹಾಡಲಿಲ್ಲ, ದಾಟಿಕೊಂಡು ಮುಂದೆ ಹೋದ. ಖಂಡ್ಯಾ ಬಿದ್ದ. ನೀಲಿ ದಂಡೆಗೆ ಬಂದಳು.

"ಸೆರಗಿನ ಗಂಟಿನ್ಯಾಗ ರೊಟ್ಟಿ ಬಿಸಿ ಇತ್ತ,
ರೊಟ್ಟಿ ತಿನ್ನುವ ಬಾಯಿ ಮಣ್ಣು ಕಚ್ಚಿತ್ತ;
ನೀಲಿ ನಿಂತಾಳೊ ಮಡುವಿನ ದಂಡಿಗಿ..."

ಅಲ್ಲಿಗೆ ನಿಂತ. ನಾಲ್ಕನೆಯ ಸಾಲು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವನು ತೊಟ್ಟಿಲ ಕಡೆ, ಅದರಾಚೆ ಹೊರಸಿನ ಮೇಲೆ ಕೂತ ತಂಗಿಯ ಕಡೆ ನೋಡಿದ. ಡಾಕ್ಟರರು ಅನುಮಾನ ಎಂದು ಹೇಳಿದ್ದ ದಿನ ತಾನು ಗಂಜಿನಲ್ಲಿ ಕೂತು ಚೀಲ ಹೊಲಿಯುತ್ತಿದ್ದದ್ದು ಅವನಿಗೆ ಆಗ ನೆನಪಾಯಿತೆಂದು ಮುಂದೊಮ್ಮೆ ಅವ್ವನ ಹತ್ತಿರ ಹೇಳಿದನಂತೆ.

"ಯಾಕ ನಿಂತಿ?" ಎಂದಳು ಅತ್ತೆ.

"ಅಕಿಗಿ ಸಾಯಸಲಾಕ ಮನಸ್ಸಾಗವಲ್ದು ಕಾಶಿ."

"ಅಕಿ ಹೋಗ್ಲಿ ಬಿಡು ಅಣ್ಣಾ," ಎಂದಳು ಅತ್ತೆ. "ನಾ ಇಲ್ಲೇ ಅದೇನಿ."

ಅಪ್ಪ ಕಣ್ಣು ಮುಚ್ಚಿ ಕೊನೆಯ ಸಾಲು ಹಾಡಿದ. "ಮಡುವು ಅಕಿಯ ಹೆಸರ ಕೇಳಿತ್ತ." ನೀಲಿ ಹೋದಳು, ಹಾಡು ಮುಗಿಯಿತು. ಕೂಸು ಎದ್ದು ಅಳತೊಡಗಿತು. ಅತ್ತೆ ಅದನ್ನು ಎತ್ತಿಕೊಂಡು, ಸೆರಗಿನಿಂದಲೇ ತನ್ನ ಕಣ್ಣೊರೆಸಿಕೊಂಡು, ಹಾಲೂಡಿಸಲು ಗೋಡೆಯ ಕಡೆ ತಿರುಗಿದಳು. ಅವ್ವ ಒಳಗೆ ಹೋಗಿ ಒಲೆ ಊದಿದಳು. ಮಾಣಿಕ ತಂಬಿಗೆಯಲ್ಲಿ ನೀರು ತಂದು ನಿಂತ. ಅಪ್ಪ ಅಂಗಳದ ಮೂಲೆಯಲ್ಲಿ ಬಗ್ಗಿ, ಅವನು ಹಾಕುತ್ತಿದ್ದ ನೀರಿನಲ್ಲಿ ಕೈ ತೊಳೆದುಕೊಂಡು, ಊಟಕ್ಕೆ ಒಳಗೆ ಬಂದ.